ಕುರ್ಚಿಯಲ್ಲಿ ಕೂತ ನಾಯಕಿ

ಲೂಲಾ ಪ್ರೆಂಟಿಸ್ ಹಾಲಿವುಡ್ಡಿಗೆ ಬಂದಾಗ ಅಲ್ಲಿ ಸ್ಟುಡಿಯೋಗಳಿಗಿಂತ ನಿಂಬೆ ತೋಟಗಳೇ ಹೆಚ್ಚು. ಅದಕ್ಕೆ ಮುಂಚೆ ಅವಳು ಅಯೋವಾದ ಸಣ್ಣ ಊರೊಂದರ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಪಿಯಾನೋ ನುಡಿಸುತ್ತಿದ್ದಳು. ಜನ ಎಲ್ಲಿ ಬಿಕ್ಕುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದು ಅವಳ ಬೆರಳುಗಳಿಗೇ ಗೊತ್ತಾಗಿಹೋಗಿತ್ತು. ಒಮ್ಮೆ ತಾನೇ ಒಂದು ಕಥೆ ಬರೆದು ಚಿತ್ರ ತಯಾರಿಸುವವರಿಗೆ ಅಂಚೆಯಲ್ಲಿ ಕಳಿಸಿದಳು. ಅದು ಚಿತ್ರವಾಯಿತು. ಪಿಯಾನೋ ಮುಚ್ಚಿ ರೈಲು ಹತ್ತಿದಳು.

ಗ್ರಾಬೋ ಎಂಬಾತನ ಸ್ಟುಡಿಯೋದಲ್ಲಿ ಅವಳಿಗೆ ಸಿಕ್ಕಿದ್ದು ಧಾರಾವಾಹಿ ಚಿತ್ರ ಬರೆಯುವ ಕೆಲಸ. ವಾರಕ್ಕೊಂದು ಕಂತು. ಪ್ರತಿ ಕಂತಿನ ಕೊನೆಗೂ ನಾಯಕಿಯ ಪ್ರಾಣ ಗಂಟಲಿಗೆ ಬಂದಿರಬೇಕು. ನಾಯಕಿ ಡೆಲ್ಫೀನ್ ರೋರ್ಕ್ ಸರ್ಕಸ್ಸಿನಿಂದ ಬಂದವಳು, ಗಟ್ಟಿಗಿತ್ತಿ. ಓಡುವ ರೈಲಿನಿಂದ ಹಾರುತ್ತಾಳೆ ಎಂದು ಲೂಲಾ ಬರೆದರೆ ನಿಜವಾಗಿಯೂ ಹಾರಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಡೆಲ್ಫೀನ್ ಲೂಲಾಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

"ಮುಂದಿನ ವಾರ ನನ್ನ ಎಲ್ಲಿಂದ ಬೀಳಿಸ್ತೀಯ?"

"ಗಾಳಿಯಂತ್ರದ ಮೇಲಿಂದ. ಯಾಕೆ?"

"ಬೇಡ ಕಣೇ. ನಾನು ಬಸುರಿ."

ಟೈಪ್‌ರೈಟರಿನ ಮೇಲಿದ್ದ ಲೂಲಾಳ ಕೈ ಅಲ್ಲೇ ನಿಂತಿತು. "ನಿನ್ನ ಗಂಡ ಏನಂತಾನೆ?"

"ಅವನು ಕುಣೀತಿದಾನೆ. ಗ್ರಾಬೋಗೆ ಗೊತ್ತಾದ್ರೆ ಮಾತ್ರ ಇವತ್ತೇ ಮನೆಗೆ ಕಳಿಸ್ತಾನೆ. ಹೋದ ಸಲ ಬಸುರಾದಾಗ ಯಾರಿಗೂ ಹೇಳದೆ ರೈಲಿಂದ ಹಾರಿದ್ದೆ. ಆ ಕೂಸು ಉಳೀಲಿಲ್ಲ."

ಆ ಹಾರುವ ದೃಶ್ಯ ಬರೆದವಳು ಲೂಲಾಳೇ. ಡೆಲ್ಫೀನ್ ಹೋದ ಮೇಲೆ ಲೂಲಾ ಬರೆದದ್ದನ್ನೆಲ್ಲ ಹರಿದು ಬುಟ್ಟಿಗೆ ಹಾಕಿ, ಹೊಸ ಹಾಳೆ ಏರಿಸಿದಳು. ಹೊಸ ಕಂತಿನಲ್ಲಿ ಖಳರು ನಾಯಕಿಯನ್ನು ಒಂಟಿ ರೈಲು ನಿಲ್ದಾಣದಲ್ಲಿ, ಟೆಲಿಗ್ರಾಫಿನ ತಂತಿ ಯಂತ್ರದ ಮುಂದಿನ ಕುರ್ಚಿಗೆ, ಕಾಲಿಗೆ ಸರಪಳಿ ಹಾಕಿ ಬಿಗಿದರು.

ಅದನ್ನು ಓದಿ ಗ್ರಾಬೋ ಕೆಂಡವಾದ. "ತಲೆ ಕೆಟ್ಟಿದೆಯೇನಮ್ಮ ನಿಂಗೆ? ಜನ ಬರೋದು ಅವಳು ಕೂತಿರೋದನ್ನ ನೋಡೋಕಾ?"

"ಬೀಳೋದನ್ನ ನೋಡಿ ನೋಡಿ ಜನಕ್ಕೆ ಭಯಾನೇ ಹೋಗಿದೆ ಸಾರ್. ಎರಡು ರೈಲು ಎದುರುಬದುರು ಬರ್ತಿವೆ. ಇವಳು ಏಳೋ ಹಾಗಿಲ್ಲ, ತಂತಿ ಕಳಿಸೇ ಎರಡನ್ನೂ ನಿಲ್ಲಿಸ್ಬೇಕು. ಯಾರಾದ್ರೂ ಆಕಳಿಸಿದ್ರೆ ಕೇಳಿ."

"ಸರಪಳಿ ಪರವಾಗಿಲ್ಲ," ಎಂದು ಗ್ರಾಬೋ ಗೊಣಗಿದ. "ಆದ್ರೆ ಜನ ಎದ್ದು ಹೋದ್ರೆ ಅವರ ಹಿಂದೇನೇ ನೀನೂ ಹೋಗ್ತಿರು."

ಮೊದಲ ಪ್ರದರ್ಶನಕ್ಕೆ ಲೂಲಾ, ಡೆಲ್ಫೀನ್ ಇಬ್ಬರೂ ಹಿಂದಿನ ಸಾಲಿನಲ್ಲಿ ಕೂತರು. ಪರದೆಯ ಮೇಲೆ ಡೆಲ್ಫೀನ್ ಸುಮ್ಮನೆ ಕೂತೇ ಇದ್ದಳು. ಸಭೆ ಗಪ್‌ಚಿಪ್. ಕೆಟ್ಟೆವು ಎಂದುಕೊಂಡಳು ಲೂಲಾ. ಅಷ್ಟರಲ್ಲಿ ಮುಂದಿದ್ದ ದಪ್ಪ ಹೆಂಗಸೊಬ್ಬಳು ಎದ್ದು ನಿಂತು ಕಿರುಚಿದಳು: "ತಂತಿ ಹೊಡಿಯೇ ಹುಡುಗಿ, ಬೇಗ ಹೊಡಿ!" ಇಡೀ ಸಭೆ ಅವಳ ಜೊತೆ ಕೂಗತೊಡಗಿತು. ಡೆಲ್ಫೀನ್ ನಗುತ್ತ ಅಳುತ್ತ ಲೂಲಾಳ ತೋಳಿಗೆ ತಲೆ ಆನಿಸಿದಳು.

ಉಳಿದ ಕಂತುಗಳಲ್ಲಿ ಕ್ಯಾಮೆರಾ ನಾಯಕಿಯ ಎದೆಯಿಂದ ಕೆಳಗೆ ಇಳಿಯಲೇ ಇಲ್ಲ. ಧಾರಾವಾಹಿ ಮುಗಿದ ಮೇಲೆ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಕ್ಷೇಮ. ಸುದ್ದಿ ಕೇಳಿ ಗ್ರಾಬೋ, "ಕಳ್ಳಿಯರಾ, ಅದಕ್ಕೇನಾ ಕೂರಿಸಿದ್ದು!" ಎಂದು ಬೈದು, ತೊಟ್ಟಿಲು ಕಳಿಸಿಕೊಟ್ಟ.

ಮುಂದೆ ಮಾತಿನ ಚಿತ್ರಗಳು ಬರುವವರೆಗೂ ಲೂಲಾ ಬರೆದಳು. ಆದರೆ ಅಪಾಯದ ದೃಶ್ಯ ಬಂತೆಂದರೆ ಮೊದಲು ತನ್ನ ಕೋಣೆಯಿಂದ ಇಳಿದು ಚಿತ್ರೀಕರಣದ ಜಾಗಕ್ಕೆ ಹೋಗಿ, ಅದನ್ನು ಮಾಡಬೇಕಾದವಳನ್ನೇ ಕೇಳುತ್ತಿದ್ದಳು: "ಆಗುತ್ತೇನಮ್ಮ? ಆಗಲ್ಲ ಅಂದ್ರೆ ಹೇಳು, ಬೇರೆ ಬರೀತೀನಿ." ಆಗಲ್ಲ ಎಂದವರ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲ.