ಹುಳ ಹಣ್ಣಾದ ದಿನದ ನಾಟಕ

ನನ್ನ ಮೊಮ್ಮಗಳು ಏಳನೇ ಕ್ಲಾಸು. ಮನೆಯಲ್ಲಿ ಅವಳ ಬಾಯಿ ಮುಚ್ಚಿಸಲು ಯಾರಿಂದಲೂ ಆಗದು. ಶಾಲೆಯಲ್ಲಿ ಮಾತ್ರ ಕಲ್ಲು. ನಮ್ಮ ಮನೆಮಾತು ತೆಲುಗು. ಐದನೇ ಕ್ಲಾಸಿನಲ್ಲಿ ಅವಳು ಉತ್ತರ ಹೇಳುವಾಗ ನಡುವೆ ಒಂದು ತೆಲುಗು ಮಾತು ಬಂತು. ಮೇಷ್ಟ್ರು ಅದನ್ನು ಹಾಗೇ ಅಣಕಿಸಿ ತೋರಿಸಿದರು, ಕ್ಲಾಸೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧ ಮಕ್ಕಳ ಮನೆಯಲ್ಲೂ ತೆಲುಗೇ. ಆವತ್ತು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ.

ಚಿಂತಾಮಣಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಶಾಲೆಯಲ್ಲಿ ಒಬ್ಬ ನಾಟಕದ ಹೆಂಗಸನ್ನು ನೋಡಿದೆ. ಮೈಸೂರು ಕಡೆಯವಳು. ಊರೂರು ಬಸ್ಸಿನಲ್ಲಿ ತಿರುಗುತ್ತಾಳೆ. ಚೀಲದ ತುಂಬ ಹಳೇ ಸೀರೆ, ಟವಲು. ಮೂರು ದಿನ ಮಕ್ಕಳನ್ನು ಕುಣಿಸುತ್ತಾಳೆ, ನಾಲ್ಕನೇ ದಿನ ಅವರ ಕೈಯಲ್ಲೇ ಸಂತೆಯ ನಾಟಕ ಆಡಿಸುತ್ತಾಳೆ. ಮಕ್ಕಳು ಕನ್ನಡ, ತೆಲುಗು, ಉರ್ದು ಎಂದು ಬಾಯಿಗೆ ಬಂದದ್ದು ಆಡುತ್ತಿದ್ದರು. ಯಾರೂ ತಿದ್ದಲಿಲ್ಲ. ಇವಳನ್ನು ನಮ್ಮ ಶಾಲೆಗೆ ತರಲೇಬೇಕು ಎಂದುಕೊಂಡೆ.

ನಾನು ಮೂರನೇ ಕ್ಲಾಸು ಓದಿದವಳು. ಆದರೂ ಶಾಲಾ ಸಮಿತಿಯಲ್ಲಿದ್ದೇನೆ. ಅಲ್ಲಿ ನನ್ನ ಕೆಲಸ ಸಹಿ ಹಾಕಿ ಟೀ ಕುಡಿಯುವುದು. ಹೆಡ್‌ಮಾಸ್ಟರಿಗೆ ವಿಷಯ ಹೇಳಿದೆ.

"ಅಜ್ಜಿ, ಅದಕ್ಕೆ ಮೇಲಿಂದ ಪರ್ಮಿಷನ್ ಬೇಕು."

ಶಿಡ್ಲಘಟ್ಟದ ಆಫೀಸಿಗೆ ಹೋದೆ. "ಮೊದ್ಲು ನಿಮ್ಮ ಹೆಡ್‌ಮಾಸ್ಟರ್ ಬರ್ದುಕೊಡ್ಲಿ" ಎಂದರು. ಅವರು ಬರೆದುಕೊಟ್ಟರು, ತೆಗೆದುಕೊಂಡು ಹೋದೆ. ಸೀಲಿಲ್ಲ ಎಂದರು. ಸೀಲು ಹಾಕಿಸಿಕೊಂಡು ಹೋದೆ. ಕಾಗದ ಚಿಕ್ಕಬಳ್ಳಾಪುರಕ್ಕೆ ಹೋಗಿದೆ, ಬರಲಿ ಎಂದರು. ಮಗನಿಗೆ ಹೆಣ್ಣು ಹುಡುಕುವಾಗಲೂ ನಾನು ಇಷ್ಟು ಸಲ ಬಸ್ಸು ಹತ್ತಿರಲಿಲ್ಲ.

ಕೊನೆಗೆ ಪರ್ಮಿಷನ್ ಬಂತು. ಹೆಡ್‌ಮಾಸ್ಟರು ನಮ್ಮ ಮನೆಗೇ ಬಂದರು. "ನಾಟಕದ ದಿನ ಆಫೀಸಿನ ಸಾಹೇಬ್ರೇ ಬರ್ತಾರಂತೆ. ಈ ಗುರುವಾರ ಬಿಟ್ಟು ಬರೋ ಗುರುವಾರ. ನೀವೇ ಅವ್ರಿಗೆ ಶಾಲು ಹೊದಿಸ್ಬೇಕು ಅಜ್ಜಿ."

"ಆಗ್ಲಿ" ಎಂದೆ. ತಪ್ಪು ಅಲ್ಲೇ ಆದದ್ದು.

ನಮ್ಮ ಊರಿನವರೆಲ್ಲ ರೇಷ್ಮೆಯ ಮರಿಹುಳವನ್ನು ಒಂದೇ ಕಡೆಯಿಂದ, ಒಂದೇ ದಿನ ತರುತ್ತೇವೆ. ಆದ್ದರಿಂದ ಎಲ್ಲರ ಮನೆಯ ಹುಳವೂ ಒಟ್ಟಿಗೇ ಜ್ವರಕ್ಕೆ ಕೂರುತ್ತದೆ. ಜ್ವರ ಎಂದರೆ ಪೊರೆ ಬಿಡುವುದು. ನಾಲ್ಕನೇ ಜ್ವರ ಎದ್ದು ಏಳು ದಿನಕ್ಕೆ ಹುಳ ಹಣ್ಣಾಗುತ್ತದೆ. ಆವತ್ತು ಒಂದೊಂದನ್ನೇ ಆಯ್ದು, ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು. ತಡವಾದರೆ ತಿನ್ನುವ ಸೊಪ್ಪಿನಲ್ಲೇ ಕಟ್ಟಿ ಹಾಳು ಮಾಡುತ್ತದೆ. ಆವತ್ತು ಊರಿನಲ್ಲಿ ಮಕ್ಕಳೂ ಬಿಡುವಾಗಿರುವುದಿಲ್ಲ. ನಲವತ್ತು ವರ್ಷ ಹುಳ ಸಾಕಿದ ನಾನು ಬೆರಳು ಮಡಚಿ ಎಣಿಸಿದ್ದರೆ ಸಾಕಿತ್ತು. ಆ ಹೊತ್ತು ನನ್ನ ತಲೆಯಲ್ಲಿ ಶಾಲು ಇತ್ತು, ಹುಳ ಇರಲಿಲ್ಲ.

ನಾಟಕದವಳು ಸೋಮವಾರ ಬಂದಳು. ಮೊಮ್ಮಗಳಿಗೆ ಸೊಪ್ಪು ಮಾರುವವಳ ಪಾತ್ರ ಕೊಟ್ಟಳು. ಎರಡು ದಿನ ಅವಳು ಬರೀ ಸೊಪ್ಪು ಜೋಡಿಸಿದಳಂತೆ. ಮೂರನೇ ದಿನ ಬಾಯಿ ಬಿಟ್ಟಳಂತೆ, ಅರ್ಧ ಕನ್ನಡ, ಅರ್ಧ ತೆಲುಗು. ಅದನ್ನು ಕೇಳಿದ ಹೆಡ್‌ಮಾಸ್ಟರು, "ಸಾಹೇಬ್ರು ಬರ್ತಾರೆ, ಆ ತೆಲುಗು ತೆಗೆದ್ಬಿಡಿ ಮೇಡಂ" ಎಂದರಂತೆ.

"ನಿಮ್ಮೂರ ಸಂತೇಲಿ ಪುಸ್ತಕದ ಕನ್ನಡದಲ್ಲಿ ಸೊಪ್ಪು ಮಾರ್ತಾರಾ ಸಾರ್?" ಎಂದಳಂತೆ ಅವಳು.

ಅಷ್ಟರಲ್ಲಿ ನಮ್ಮ ಮನೆಯ ಹುಳ ಹೊಳೆಯತೊಡಗಿತ್ತು, ನಾಳೆಗೇ ಹಣ್ಣು. ಶಾಲೆಗೆ ಓಡಿದೆ. ದಿನ ಬದಲಾಯಿಸಿ ಎಂದೆ.

"ಸಾಹೇಬ್ರು ಕೊಟ್ಟಿರೋ ಡೇಟು ಅಜ್ಜಿ. ಬದಲಾಗಲ್ಲ."

"ಹುಳದ ಡೇಟೂ ಬದಲಾಗಲ್ಲ ಸ್ವಾಮಿ."

ನಾಟಕದವಳೂ ಉಳಿಯುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಗೌರಿಬಿದನೂರಿನ ಶಾಲೆಯಲ್ಲಿರಬೇಕಿತ್ತು.

ಗುರುವಾರ ಊರೆಲ್ಲ ಹುಳದ ಮನೆಗಳಲ್ಲಿ ಬಗ್ಗಿತ್ತು. ನಾನು ಮೊಮ್ಮಗಳನ್ನು ಶಾಲೆಗೆ ಕಳಿಸಿದೆ. "ಊರಿಗೊಂದು ದಾರಿ, ನಮ್ಮಮ್ಮಂಗೊಂದು ದಾರಿ" ಎಂದು ಮಗ ಗೊಣಗಿದ. ಒಂದು ಗಂಟೆ ತಡೆದುಕೊಂಡೆ. ಕೈ ಸಾಲಲಿಲ್ಲ. ಅವಳನ್ನು ಎಳೆದುಕೊಂಡು ಬರಲು ನಾನೇ ಹೊರಟೆ. ಅದು ಸುಳ್ಳಲ್ಲ, ನಾಟಕ ನೋಡುವ ಆಸೆಯೂ ಸುಳ್ಳಲ್ಲ.

ಶಾಲೆಯಲ್ಲಿ ಶಾಮಿಯಾನ, ನೂರು ಕುರ್ಚಿ, ತಟ್ಟೆಯಲ್ಲಿ ಶಾಲು. ಮಕ್ಕಳು ಒಂಬತ್ತು. ಸಾಹೇಬರಿಗೆ ಬೇರೆ ಮೀಟಿಂಗಂತೆ, ಬರುವುದಿಲ್ಲವಂತೆ. ಹೆಡ್‌ಮಾಸ್ಟರು ಫೋನು ಹಿಡಿದು ಕೂತಿದ್ದರು. ನಾಟಕದವಳು ಗಡಿಯಾರ ನೋಡುತ್ತಿದ್ದಳು. ಸೊಪ್ಪು ಕೊಳ್ಳುವವಳ ಪಾತ್ರದ ಹುಡುಗಿ ಬಂದಿರಲಿಲ್ಲ. ಮೊಮ್ಮಗಳು ಹಳೇ ಸೀರೆ ಸುತ್ತಿಕೊಂಡು, ಬುಟ್ಟಿ ಮುಂದಿಟ್ಟುಕೊಂಡು ಮತ್ತೆ ಕಲ್ಲಾಗಿದ್ದಳು.

"ಅಜ್ಜಿ, ನೀವೇ ಕೊಳ್ಳೋಕೆ ಬನ್ನಿ" ಎಂದಳು ನಾಟಕದವಳು.

"ನಂಗೆ ಹುಳ ಇದೆ ತಾಯಿ."

"ನಂಗೆ ಬಸ್ಸಿದೆ. ಬೇಗ ಬನ್ನಿ."

ಬುಟ್ಟಿಯ ಮುಂದೆ ಕೂತೆ. ನನಗೆ ನಾಟಕ ಬಾರದು. ಸಂತೆಯಲ್ಲಿ ಮಾಡುವಂತೆ ಕೊತ್ತಂಬರಿ ಕಟ್ಟನ್ನು ಎತ್ತಿ ಕೊಡವಿದೆ. "ಏನೇ ಇದು, ಬಾಡೋಗಿದೆ."

ಮೊಮ್ಮಗಳು ನನ್ನನ್ನು ನೋಡಿದಳು. ಹೆಡ್‌ಮಾಸ್ಟರನ್ನು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿದಳು. "ಬೆಳಿಗ್ಗೆಯಿಂದ ನಿನ್ನಂಥೋರ ಮುಖ ನೋಡಿ ಬಾಡಿದೆ ಕಣಮ್ಮ. ತೀಸ್ಕೋ, ಇಲ್ಲ ಎದ್ದೋಗು."

"ಬೇರೆ ಕಟ್ಟು ತೋರ್ಸು."

"ತೋರ್ಸಕ್ಕೆ ಇದೇನು ಸೀರೆ ಅಂಗಡೀನಾ? ನಿನ್ನ ಸೊಸೆ ಮಾಡೋ ಸಾರಿಗೆ ಇದೇ ಜಾಸ್ತಿ, ಪೋ ಅಮ್ಮ."

ಮಕ್ಕಳು ನಕ್ಕರು. ಅವಳು ಅವರ ಕಡೆ ತಿರುಗಿ, "ನೀವೇನ್ರೋ ನಗ್ತೀರಾ, ಕೊಳ್ಳೋರು ಕೊಳ್ಳಿ" ಎಂದು ಗದರಿದಳು. ನಾನು ಇನ್ನೂ ಎರಡು ಮಾತು ಆಡಿ ಸೋತು ಕಟ್ಟು ತೆಗೆದುಕೊಂಡು ಎದ್ದೆ. ಸಂತೆಯಲ್ಲಿ ನಾನು ಹಾಗೆ ಸೋತವಳಲ್ಲ.

ನಾಟಕದವಳು ಚೀಲ ಕಟ್ಟಿ ಬಸ್ಸಿಗೆ ಓಡಿದಳು. ನೆಟ್ಟಗೆ ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಹೆಡ್‌ಮಾಸ್ಟರು ಶಾಲು ಮಡಚುತ್ತಾ, "ಸಾಹೇಬ್ರು ಮುಂದಿನ ತಿಂಗ್ಳು ಬರ್ತಾರೆ, ಅವಾಗ ಇನ್ನೊಂದ್ಸಲ ಮಾಡ್ಸಣ" ಎಂದರು.

"ಆವತ್ತು ಹುಳ ಯಾವ ಜ್ವರದಲ್ಲಿರುತ್ತೆ ಸಾರ್?" ಎಂದು ಮೊಮ್ಮಗಳು ಕೇಳಿದಳು.

ಎರಡು ವರ್ಷದ ಮೇಲೆ ಅವಳು ಆ ಶಾಲೆಯಲ್ಲಿ ತಾನಾಗಿ ಕೇಳಿದ ಮಾತು ಅದು. ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಬೇಕಿತ್ತು.

ಮನೆಗೆ ಬಂದಾಗ ಒಂದು ತಟ್ಟೆಯ ಹುಳ ಸೊಪ್ಪಿನಲ್ಲೇ ನೂಲು ಬಿಟ್ಟಿತ್ತು. ಮಗ ಆ ತಟ್ಟೆಯನ್ನು ನನ್ನ ಮುಂದೆ ತಳ್ಳಿದ. ಪಕ್ಕದ ಮನೆಯವಳು ಕಿಟಕಿಯಿಂದಲೇ, "ನಾಟ್ಕ ಆಯ್ತಾ? ಯಾರು ನೋಡಿದ್ರು?" ಎಂದು ಕೇಳಿದಳು. ಅವಳ ಮಗಳೇ ಬರಬೇಕಾಗಿದ್ದ ಹುಡುಗಿ.

"ಊರಿನೋರು ಯಾರೂ ಇಲ್ಲ" ಎಂದೆ. ನನಗಿನ್ನೂ ಉರಿಯುವುದು ಅದಕ್ಕೇ. ಐದನೇ ಕ್ಲಾಸಿನಲ್ಲಿ ಮೊಮ್ಮಗಳನ್ನು ನೋಡಿ ನಗಲು ಕ್ಲಾಸೆಲ್ಲ ಇತ್ತು.

ಮೊಮ್ಮಗಳು ಕೈ ತೊಳೆದು ಬಂದು ನನ್ನ ಪಕ್ಕ ಹುಳ ಆಯಲು ಕೂತಳು. "ಸರ್ಕೋ ಅಮ್ಮ, ಜಾಗ ಬಿಡು" ಎಂದಳು, ಸೊಪ್ಪಿನವಳ ದನಿಯಲ್ಲೇ.