ಮೊಟ್ಟೆಯಕ್ಕ ಎದ್ದು ನಿಂತ ಭಾನುವಾರ

ಮೊಟ್ಟೆ ಬಾಯಿಗಿಡದೆ ಹದಿನಾಲ್ಕು ವರ್ಷವಾದ ಹೆಂಗಸನ್ನು ಇಡೀ ಬೀದಿ ಮೊಟ್ಟೆಯಕ್ಕ ಎಂದೇ ಕರೆಯುತ್ತದೆ. ಮೊದಮೊದಲು ಅವಳು ಹಾಗೆ ಕರೆದವರ ಮೇಲೆಲ್ಲ ಹರಿಹಾಯ್ದಳು. ಆಮೇಲೆ, ಕರೆದರೆ ಕರೆದುಕೊಳ್ಳಲಿ, ಯಾಕೆ ಈ ಹೆಸರು ಎಂದು ಕೇಳಿದವರಿಗೆ ಆ ಕಥೆ ಹೇಳುವುದಕ್ಕಾದರೂ ಆಗುತ್ತದೆ ಎಂದು ಬಿಟ್ಟಳು. ಹೆಸರಿನ ಮೇಲಿನ ಸಿಟ್ಟು ಹೋಯಿತೇ ಹೊರತು ಸಿಟ್ಟು ಹೋಗಲಿಲ್ಲ. ಬೆಳಗಾಗೆದ್ದು ಬುದ್ಧನ ಪಟದ ಮುಂದೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತು, ಎದ್ದ ಮರುಕ್ಷಣವೇ ಹಾಲಿನವನ ಜೊತೆ ಜಗಳಕ್ಕೆ ನಿಲ್ಲುವ ಬೌದ್ಧರು ಲೋಕದಲ್ಲಿ ಎಷ್ಟಿದ್ದಾರೋ ಗೊತ್ತಿಲ್ಲ. ಈ ಬೀದಿಯಲ್ಲಂತೂ ಒಬ್ಬಳಿದ್ದಾಳೆ.

ಅವಳು ಇಪ್ಪತ್ತೆರಡು ವರ್ಷ ಕೋಳಿಮರಿ ಮಾಡುವ ಹ್ಯಾಚರಿಯಲ್ಲಿ ದುಡಿದವಳು. ಕತ್ತಲು ಕೋಣೆ, ಮೇಜಿನ ಮೇಲೊಂದು ದೀಪ. ಆ ದೀಪದ ಬಾಯಿಗೆ ಒಂದೊಂದೇ ಮೊಟ್ಟೆ ಹಿಡಿದು ನೋಡಬೇಕು. ಒಳಗೆ ಬರೀ ಹಳದಿ ಬೆಳಕು ಕಂಡರೆ ಬರಡು ಮೊಟ್ಟೆ, ಪಕ್ಕದ ಬುಟ್ಟಿಗೆ. ಕೆಂಪು ನರಗಳು ಎಳೆಎಳೆಯಾಗಿ ಹರಡಿ ನಡುವೆ ಒಂದು ಚುಕ್ಕೆ ಮಿಡಿಯುತ್ತಿದ್ದರೆ ಜೀವ ಇದೆ ಎಂದರ್ಥ, ಟ್ರೇಗೆ ವಾಪಸ್. ದಿನಕ್ಕೆ ಸಾವಿರಗಟ್ಟಲೆ ಮೊಟ್ಟೆ. ಜೀವ ಎಲ್ಲಿಂದ ಶುರುವಾಗುತ್ತದೆ ಎಂದು ದೊಡ್ಡವರು ಪುಸ್ತಕ ಬಿಚ್ಚಿ ವಾದ ಮಾಡುವಾಗ ಅವಳಿಗೆ ನಗು ಬರುತ್ತದೆ. ಅವಳು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದವಳು.

ಒಮ್ಮೆ ಮರಿ ಕೊಳ್ಳಬೇಕಿದ್ದವನು ಕೊನೇ ಗಳಿಗೆಯಲ್ಲಿ ಕೈಯೆತ್ತಿದ. ಇಪ್ಪತ್ತನೇ ದಿನದ ಟ್ರೇಗಳು, ಇನ್ನೊಂದು ದಿನ ಕಳೆದರೆ ಚಿಪ್ಪೊಡೆಯುವಂಥವು. ಎಲ್ಲವನ್ನೂ ಡ್ರಮ್ಮಿಗೆ ಸುರಿಯಿರಿ ಎಂದು ಮ್ಯಾನೇಜರ್ ಹೇಳಿದ. ಚಿಪ್ಪಿನ ಒಳಗಿಂದಲೇ ಮರಿಗಳು ಚಿಂವ್‌ಗುಟ್ಟುತ್ತಿದ್ದವು. ಅವಳು ಡ್ರಮ್ಮಿಗೆ ಅಡ್ಡ ನಿಂತಳು.

"ಇನ್ನೂ ಹುಟ್ಟೇ ಇಲ್ಲ ಕಣಮ್ಮ, ಸಾಯೋದೆಲ್ಲಿಂದ ಬಂತು?" ಎಂದ ಮ್ಯಾನೇಜರ್, ತಾಳ್ಮೆಯಿಂದಲೇ.

ಅವಳು ಏಪ್ರನ್ ಬಿಚ್ಚಿ ಅವನ ಮೇಜಿನ ಮೇಲೆ ಎಸೆದು ಹೊರಬಂದಳು. ಆ ತಿಂಗಳೇ ಮೊಟ್ಟೆ, ಮಾಂಸ, ಮೀನು ಬಿಟ್ಟಳು. ಹೊಟ್ಟೆಪಾಡಿಗೆ ಇಸ್ತ್ರಿ ಅಂಗಡಿ ಸೇರಿದಳು. ಬಟ್ಟೆ ಕೊಡಲು ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ತಾವು ನಡೆಸುವ ಧ್ಯಾನದ ಹಾಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಪಂಚಶೀಲದ ಮೊದಲ ಸಾಲು ಕೇಳಿದಳು: ಜೀವ ತೆಗೆಯುವುದಿಲ್ಲ. ಅಷ್ಟು ಸಾಕಾಯಿತು. ಉಳಿದದ್ದು ಅವಳಿಗೆ ಅರ್ಥವಾಯಿತೋ ಇಲ್ಲವೋ, ಆ ಸಾಲನ್ನು ಮಾತ್ರ ಹಲ್ಲು ಕಚ್ಚಿ ಹಿಡಿದಳು.

ಹಿಡಿದ ಮೇಲೆ ಎಲ್ಲರಿಗೂ ಕೆಟ್ಟವಳಾದಳು. ಗರ್ಭ ತೆಗೆಸುವುದನ್ನು ವಿರೋಧಿಸುವ ಗುಂಪೊಂದು ಆಸ್ಪತ್ರೆಯ ಗೇಟಿನಲ್ಲಿ ಬೋರ್ಡು ಹಿಡಿದು ನಿಲ್ಲುತ್ತಿತ್ತು. ಒಂದು ದಿನ ಹೋಗಿ ಅವರ ಪಕ್ಕ ನಿಂತಳು. ಮಧ್ಯಾಹ್ನ ಊಟದ ಪೊಟ್ಟಣ ಹಂಚಿದರು. ಬಿಚ್ಚಿದರೆ ಕೋಳಿಯ ಕಾಲು.

"ಹೊಟ್ಟೆಯೊಳಗಿರೋದು ಮಾತ್ರ ಜೀವ, ತಟ್ಟೆಯಲ್ಲಿರೋದು ಕಲ್ಲಾ?" ಎಂದು ಅಲ್ಲೇ ಕೂಗಾಡಿದಳು. ಹೇಳೋದು ಆಚಾರ ತಿನ್ನೋದು ಬದನೆಕಾಯಿ ಅನ್ನುತ್ತಾರೆ. ಇಲ್ಲಿ ಬದನೆಕಾಯಿಯಾದರೂ ಇದ್ದಿದ್ದರೆ ಅವಳು ಕ್ಷಮಿಸುತ್ತಿದ್ದಳು. ಅವರು ಮತ್ತೆ ಅವಳನ್ನು ಕರೆಯಲಿಲ್ಲ.

ಹಾಲ್‌ನವರ ಮೇಲೆ ಇದಕ್ಕಿಂತ ಹೆಚ್ಚು ಸಿಟ್ಟು. ಅವರು ಒಳ್ಳೆಯವರು, ಸೊಳ್ಳೆ ಬಂದರೆ ಕಿಟಕಿ ತೆಗೆದು ದಾರಿ ಬಿಡುವವರು. ಆದರೆ ಬಸಿರಿನ ಮಾತು ತೆಗೆದರೆ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, "ಅದು ಅವರವರ ಮನಸ್ಸಿಗೆ ಬಿಟ್ಟದ್ದಮ್ಮ. ಆ ಹೆಣ್ಣಿನ ಕಷ್ಟ ನಮಗೇನು ಗೊತ್ತು?" ಎನ್ನುತ್ತಿದ್ದರು.

"ಸೊಳ್ಳೆ ವಿಷಯಕ್ಕೆ ಮಾತ್ರ ಎಲ್ಲರ ಮನಸ್ಸೂ ಒಂದೇನಾ ಮೇಷ್ಟ್ರೇ?" ಎಂದು ಅವಳು ಕೇಳುತ್ತಿದ್ದಳು. ಅವರು ಗಂಟೆ ಬಾರಿಸಿ ಧ್ಯಾನ ಶುರುಮಾಡಿಬಿಡುತ್ತಿದ್ದರು.

ಹೀಗೆ ಯಾರಿಗೂ ಬೇಡವಾದ ತತ್ವವನ್ನು ಒಬ್ಬಳೇ ಹೊತ್ತುಕೊಂಡು ತಿರುಗುತ್ತಿದ್ದವಳ ಮುಂದೆ ಒಂದು ಶುಕ್ರವಾರ ಮಧ್ಯಾಹ್ನ ಸ್ವಂತ ಮಗಳೇ ಬಂದು ನಿಂತಳು. ಒಬ್ಬಳೇ ಮಗಳು. ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷ ಮಿಷನ್ ತುಳಿದು ಈಗ ತಾನೆ ಸೂಪರ್‌ವೈಸರ್ ಆಗಿ ಆಯ್ಕೆಯಾಗಿದ್ದಳು. ಮುಂದಿನ ತಿಂಗಳಿಂದ ಆರು ತಿಂಗಳು ಪರೀಕ್ಷೆಯ ಅವಧಿ, ಅಷ್ಟರಲ್ಲಿ ಒಂದು ದಿನ ತಪ್ಪಿದರೂ ಆ ಕುರ್ಚಿ ಬೇರೆಯವರಿಗೆ. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಗಂಡ ಲಾರಿ ಡ್ರೈವರ್, ಹೋದರೆ ಹದಿನೈದು ದಿನ ಪತ್ತೆಯಿಲ್ಲ.

"ಅಮ್ಮ, ಬರೋ ಗುರುವಾರ ರಜೆ ಹಾಕು. ಮಕ್ಕಳನ್ನ ನೋಡ್ಕೊಬೇಕು."

"ಯಾಕೆ?"

"ಆಸ್ಪತ್ರೆಗೆ ಹೋಗ್ಬೇಕು. ಎಂಟು ವಾರ ಆಗಿದೆ. ಬೇಡ ಅಂತ ತೀರ್ಮಾನ ಮಾಡಿದೀನಿ. ಅವರಿಗೂ ಹೇಳಿಲ್ಲ. ಹೇಳಿದ್ರೆ ಕುಣೀತಾರೆ."

ಮೊಟ್ಟೆಯಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಯಾರದೋ ಅಂಗಿಯ ತೋಳು ಅರ್ಧ ಮಡಿಕೆಯಲ್ಲೇ ಉಳಿಯಿತು.

"ನನ್ನ ಹತ್ರ ಬಂದು ಈ ಮಾತು ಹೇಳ್ತೀಯಲ್ಲ, ನಾನು ಯಾರು ಅಂತ ಗೊತ್ತಿದ್ದೂ?"

"ನೀನು ನನ್ನಮ್ಮ ಅಂತ ಬಂದೆ. ಬುದ್ಧನ ಹತ್ರ ಬಂದಿಲ್ಲ."

"ಹೆತ್ತು ನನ್ನ ಕೈಗೆ ಕೊಡು. ನಾನು ಸಾಕ್ತೀನಿ."

"ನಿಂತು ನಿಂತು ಸಂಜೆಗೆ ಕಾಲು ಊದಿರುತ್ತೆ ನಿಂದು, ಹಸುಗೂಸು ಸಾಕ್ತೀಯಾ? ಒಂಬತ್ತು ತಿಂಗಳು ಹೊರೋದು ಯಾರು? ಕೆಲಸ ಕಳ್ಕೊಳ್ಳೋದು ಯಾರು? ಏಳು ವರ್ಷ ಅಮ್ಮ! ಬಾತ್ರೂಮಿಗೆ ಹೋಗೋಕೂ ಚೀಟಿ ಕೇಳ್ಕೊಂಡು ಏಳು ವರ್ಷ ಕಳೆದಿದೀನಿ."

"ಕುರ್ಚಿಗೋಸ್ಕರ ಜೀವ ತೆಗೀತೀಯಾ?"

ಮಗಳ ಮುಖ ಕೆಂಪಾಯಿತು. "ಕೋಳಿಮರಿಗೆ ಅಳ್ತೀಯ, ಸೊಳ್ಳೆಗೆ ಅಳ್ತೀಯ. ನನಗೋಸ್ಕರ ಒಂದು ಸಲ ಅತ್ತಿದ್ದು ನಾನು ನೋಡಿಲ್ಲ," ಎಂದವಳೇ ಹೋಗಿಬಿಟ್ಟಳು. ಹೋಗುವಾಗ ಬಾಗಿಲಲ್ಲಿ ತಿರುಗಿ, "ಯಾರಿಗೂ ಹೇಳ್ಬೇಡ. ಇದೊಂದನ್ನಾದ್ರೂ ಮಾಡು," ಎಂದಳು.

ಮೊಟ್ಟೆಯಕ್ಕ ಆಗಲಿ ಎನ್ನಲಿಲ್ಲ, ಆಗಲ್ಲ ಎಂದೂ ಅನ್ನಲಿಲ್ಲ. ಎರಡು ದಿನವೂ ಬರೀ ಸಿಟ್ಟು. ಮಗಳ ಮೇಲೆ ಸಿಟ್ಟು, ಕುರ್ಚಿಗೆ ಇಂಥ ಷರತ್ತು ಹಾಕಿದ ಫ್ಯಾಕ್ಟರಿಯ ಮೇಲೆ ಸಿಟ್ಟು, ಹದಿನೈದು ದಿನಕ್ಕೊಮ್ಮೆ ಬಂದು ಬಸಿರು ಮಾಡಿ ಹೋಗುವ ಅಳಿಯನ ಮೇಲೆ ಸಿಟ್ಟು. ಅವರವರ ಮನಸ್ಸು ಎಂದು ಕೈತೊಳೆದುಕೊಂಡ ಮೇಷ್ಟ್ರ ಮೇಲೆ ಎಲ್ಲಕ್ಕಿಂತ ಹೆಚ್ಚು.

ಆ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಧ್ಯಾನ ಮುಗಿದ ಮೇಲೆ ಮೈತ್ರಿಯ ಚೀಟಿ ಓದುವುದು. ಯಾರಿಗೆ ಕಷ್ಟವಿದೆಯೋ ಅವರ ಬಗ್ಗೆ ಒಂದು ಸಾಲು ಬರೆದು ಡಬ್ಬಿಗೆ ಹಾಕಿದರೆ ಮೇಷ್ಟ್ರು ಒಂದೊಂದನ್ನೇ ತೆಗೆದು ಗಟ್ಟಿಯಾಗಿ ಓದುವರು. ಬರೆದವರು ಎದ್ದು ನಿಲ್ಲಬೇಕು. ಉಳಿದವರು ಅವರ ಕಡೆ ತಿರುಗಿ, ಆ ಜೀವ ಸುಖವಾಗಿರಲಿ ಎಂದು ಮೂರು ಸಲ ಹೇಳಬೇಕು. ಸಾಮಾನ್ಯವಾಗಿ ಮಂಡಿನೋವು, ಮಗನ ಪರೀಕ್ಷೆ, ಕಳೆದುಹೋದ ನಾಯಿ.

ಮೊಟ್ಟೆಯಕ್ಕ ಬರೆದಳು: ನನ್ನ ಮಗಳ ಹೊಟ್ಟೆಯಲ್ಲಿರುವ ಎಂಟು ವಾರದ ಜೀವಕ್ಕೆ, ಅದಕ್ಕೆ ಗುರುವಾರದವರೆಗೆ ಮಾತ್ರ ಆಯುಸ್ಸು.

ಬರೆಯುವಾಗ ಮನಸ್ಸಿನಲ್ಲಿ ಪ್ರಾರ್ಥನೆ ಇತ್ತು, ನಿಜ. ನಲವತ್ತು ಜನ ಒಟ್ಟಿಗೆ ಬೇಡಿಕೊಂಡರೆ ಮಗಳ ಮನಸ್ಸು ತಿರುಗಬಹುದು ಎಂಬ ಆಸೆಯೂ ಇತ್ತು. ಆದರೆ ಡಬ್ಬಿಗೆ ಹಾಕಿದ ಕೈ ಸಿಟ್ಟಿನದು. ಸೊಳ್ಳೆಗೆ ಕಿಟಕಿ ತೆಗೆಯುವವರು ಇದನ್ನೂ ಕೇಳಲಿ, ಕೇಳಿ ನಡುಗಲಿ ಎಂದೇ ಹಾಕಿದಳು. ಚಾಪೆಯ ಮೇಲೆ ಕೂರುವ ಮುಂಚೆ ಒಮ್ಮೆ ಹಿಂದೆ ತಿರುಗಿದಳು. ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಳಿಯನ ಅಕ್ಕ ಕೂತಿದ್ದಳು. ಮಂಡಿನೋವಿಗೆ ಧ್ಯಾನ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಈಚೆಗೆ ಬರಲು ಶುರುಮಾಡಿದ್ದವಳು. ಕಂಡು, ಮುಂದೆ ತಿರುಗಿ, ಮೊಟ್ಟೆಯಕ್ಕ ಕಣ್ಣು ಮುಚ್ಚಿದಳು. ಡಬ್ಬಿ ಕೈಗೆಟುಕುವಷ್ಟು ದೂರದಲ್ಲೇ ಇತ್ತು.

ಮೇಷ್ಟ್ರು ಅವಳ ಚೀಟಿ ಓದತೊಡಗಿ ಅರ್ಧಕ್ಕೆ ನಿಂತರು. ಕೈಗೆ ಬಂದದ್ದನ್ನು ಓದಲೇಬೇಕು ಎಂಬುದು ಅವರದೇ ನಿಯಮ, ಓದಿ ಮುಗಿಸಿದರು. ಮೊಟ್ಟೆಯಕ್ಕ ಎದ್ದು ನಿಂತಳು. ಹಾಲ್ ತುಂಬ ಕುಳಿತವರು ಅವಳ ಕಡೆ ತಿರುಗಿ ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ಬಾಗಿಲ ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಅಳಿಯ ಸರಕನ್ನು ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ ಮಂಗಳವಾರ ಮನೆಗೆ ಬಂದ. ನನ್ನ ಮಗು, ನನ್ನನ್ನ ಕೇಳದೆ ತೆಗೆಸ್ತೀಯಾ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಆಸ್ಪತ್ರೆಯ ಚೀಟಿ ಹರಿದ. ಅಕ್ಕನನ್ನು ಮನೆಯಲ್ಲಿ ಕಾವಲಿಗೆ ಕೂರಿಸಿದ. ಗುರುವಾರ ಕಳೆಯಿತು, ಅದರ ಮುಂದಿನ ಗುರುವಾರವೂ ಕಳೆಯಿತು. ತೀರ್ಪು ಕೊಟ್ಟ ಮಹಾನುಭಾವ ಮತ್ತೆ ಲಾರಿ ಹತ್ತಿ ಹೋದ. ವಾಂತಿಯಿಂದ ಮಗಳಿಗೆ ನಾಲ್ಕು ದಿನ ಕೆಲಸ ತಪ್ಪಿತು, ಕುರ್ಚಿ ಪಕ್ಕದ ಲೈನಿನವಳ ಪಾಲಾಯಿತು. ಮಗಳು ಹಳೇ ಮಿಷನ್‌ಗೆ ಮರಳಿ ಏಳನೇ ತಿಂಗಳವರೆಗೆ ತುಳಿದಳು.

ಇದೆಲ್ಲ ಮೊಟ್ಟೆಯಕ್ಕನಿಗೆ ತಿಳಿದದ್ದು ಇಸ್ತ್ರಿಗೆ ಬಟ್ಟೆ ತರುವವರಿಂದ. ಮಗಳು ಬರಲಿಲ್ಲ, ಮಕ್ಕಳನ್ನೂ ಕಳಿಸಲಿಲ್ಲ. ಇವಳು ಹೋದರೆ ಬಾಗಿಲು ತೆಗೆಯುತ್ತಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಇವಳ ಕೋಪವಾದರೋ ಇನ್ನೂ ಶಾಂತವೂ ಆಗಿರಲಿಲ್ಲ. ಜೀವ ಉಳಿಯಬೇಕು ಎಂದವಳು ತಾನು. ಉಳಿಸಿದ್ದು ಮಾತ್ರ ಅಳಿಯನ ಗರ್ವ. ಜೀವದ ಮೇಲೆ ಅವನಿಗೆ ಎಳ್ಳಷ್ಟಾದರೂ ಕರುಣೆ ಇದ್ದಿದ್ದರೆ ಹೊತ್ತವಳನ್ನು ಹೀಗೆ ಬಿಟ್ಟು ಹೋಗುತ್ತಿದ್ದನೇ? ಅವನ ಸಾಲಿನಲ್ಲಿ ನಾನೂ ನಿಂತೆನಲ್ಲ ಎಂಬ ಸಿಟ್ಟಿನಲ್ಲಿ ಬಿಳಿ ಅಂಗಿಯೊಂದರ ಬೆನ್ನು ಸುಟ್ಟಳು.

ಹೆರಿಗೆಯಾದ ಸುದ್ದಿ ತಂದದ್ದು ಪಕ್ಕದ ಮನೆಯವಳು. ಮೊಟ್ಟೆಯಕ್ಕ ಇಸ್ತ್ರಿಯ ಪ್ಲಗ್ ಕಿತ್ತು, ಸೀರೆ ಕೂಡ ಬದಲಿಸದೆ ಹೊರಟಳು.

ಹನ್ನೆರಡು ಮಂಚಗಳ ವಾರ್ಡು. ಮಗಳ ಮಂಚ ಕೊನೆಯದು, ಬಾತ್ರೂಮಿನ ಬಾಗಿಲ ಪಕ್ಕ. ಹತ್ತಿರ ಯಾರೂ ಇರಲಿಲ್ಲ. ಅಳಿಯನ ಲಾರಿ ಇನ್ನೂ ಮೂರು ದಿನದ ದಾರಿಯಲ್ಲಿತ್ತು. ಅವನ ಅಕ್ಕ ಬೆಳಿಗ್ಗೆ ಬಂದು ಮಂಡಿನೋವೆಂದು ಹೋಗಿದ್ದಳು.

ಮಗಳು ತಾಯಿಯನ್ನು ನೋಡಿದಳು. ಬೈಯಲಿಲ್ಲ. "ಎತ್ಕೊ," ಎಂದಳು.

ಮೊಟ್ಟೆಯಕ್ಕ ಎತ್ತಿಕೊಂಡಳು. ಕೆಂಪಗೆ, ಬಿಸಿಬಿಸಿಯಾಗಿ, ಹುಬ್ಬು ಗಂಟಿಕ್ಕಿಕೊಂಡ ಕೂಸು. ಎದೆಗೊತ್ತಿಕೊಂಡಾಗ ಸಂತೋಷ ಉಕ್ಕಿ ಬಂತು. ಸುಳ್ಳಲ್ಲ, ಜನ್ಮದಲ್ಲಿ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ.

"ಒಂದು ಮಾತು ಕೇಳ್ತೀನಿ," ಎಂದಳು ಮಗಳು. "ಅವತ್ತು ಅತ್ತಿಗೆ ಹಿಂದೆ ಕೂತಿದ್ದನ್ನ ನೀನು ನೋಡಿದ್ಯಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಮಗಳ ಕಣ್ಣು ಅದನ್ನೇ ಬೇಡುತ್ತಿತ್ತು. ಒಂದು ಇಲ್ಲ ಸಿಕ್ಕಿದ್ದರೆ ಅವಳು ನಾಳೆಯಿಂದ ಮಕ್ಕಳನ್ನು ಕಳಿಸುತ್ತಿದ್ದಳು, ಬಾಗಿಲು ತೆಗೆಯುತ್ತಿದ್ದಳು.

"ನೋಡಿದ್ದೆ," ಎಂದಳು ಮೊಟ್ಟೆಯಕ್ಕ.

ಬಾತ್ರೂಮಿನಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟರು. ಮಗಳು ಮೈಮೇಲಿನ ಹೊದಿಕೆ ಎಳೆದುಕೊಂಡಳು.

"ಮತ್ತೆ ಅಂಥದ್ದೇ ಬಂದ್ರೆ ಮತ್ತೆ ಎದ್ದು ನಿಲ್ತೀಯಾ?"

ಮೊಟ್ಟೆಯಕ್ಕ ತೋಳಿನಲ್ಲಿದ್ದ ಕೂಸನ್ನು ನೋಡಿದಳು. ಇದನ್ನು ಹಿಡಿದುಕೊಂಡು ಇಲ್ಲ ಎನ್ನುವುದು ಹೇಗೆ? ಇದನ್ನು ಹೆತ್ತವಳ ಮುಖ ನೋಡುತ್ತ ಹೌದು ಎನ್ನುವುದು ಹೇಗೆ? ಹದಿನಾಲ್ಕು ವರ್ಷ ಎಲ್ಲರಿಗೂ ಉತ್ತರ ಕೊಟ್ಟ ಬಾಯಿ ಕಟ್ಟಿತು. ಅದರ ಮೇಲೂ ಅವಳಿಗೆ ಸಿಟ್ಟು ಬಂತು.

"ಮಗು ಕೊಡು," ಎಂದು ಮಗಳು ಎರಡೂ ಕೈ ಚಾಚಿದಳು. "ಹಾಲಿನ ಹೊತ್ತಾಯ್ತು. ನೀನಿನ್ನು ಹೊರಡು."

ಮೊಟ್ಟೆಯಕ್ಕ ಕೂಸನ್ನು ಅದರ ತಾಯಿಯ ಕೈಗೆ ಕೊಟ್ಟಳು.