ಮೊಮ್ಮಗನ ತೊಡೆಗೆ ಉಪ್ಪುನೀರು

ಮಾವಿನ ಮಿಡಿಗೆ ಕಲ್ಲುಪ್ಪು ಹಾಕುವಾಗ ನನ್ನ ಕೈ ನಡುಗುತ್ತದೆ. ವಯಸ್ಸಾಯಿತು ಎಂದು ಸೊಸೆ ಸರೋಜ ಅಂದುಕೊಂಡಿದ್ದಾಳೆ. ಅಂದುಕೊಳ್ಳಲಿ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಜಾಡಿಯೊಳಗೆ ಮಿಡಿ ಸುಕ್ಕಿದ್ದು ಕಂಡರೆ ಹೋದ ಬೇಸಿಗೆಯ ಆ ಮಧ್ಯಾಹ್ನ ಎದೆಯ ಮೇಲೆ ಬಂದು ಕೂರುತ್ತದೆ.

ಮೊಮ್ಮಗ ಇನ್ನೂ ಅಂಬೆಗಾಲಿಡದ ಕೂಸು. ವಾಂತಿಭೇದಿ ಹಿಡಿಯಿತು. ಬಾಯಿಗೆ ಬಿಟ್ಟ ನೀರೆಲ್ಲ ಆಚೆಗೆ. ನೆತ್ತಿ ಗುಳಿಬಿತ್ತು. ಬೆಳಗಿನಿಂದ ಒಂದು ತೊಟ್ಟು ಉಚ್ಚೆಯಿಲ್ಲ. ಬಾಯಿ ತೆರೆದು ಅಳುತ್ತಿದ್ದ, ಕಣ್ಣಲ್ಲಿ ನೀರಿಲ್ಲ. ಕಣ್ಣೀರಿಲ್ಲದ ಅಳು ಯಾರೂ ನೋಡಬಾರದು.

ಚಾಮರಾಜಪೇಟೆಯ ನಮ್ಮ ಬೀದಿಯ ಡಾಕ್ಟರು ಬಂದು, ಗೋಡೆಯ ಮೊಳೆಗೆ ಗಾಜಿನ ಬಾಟಲು ನೇತುಹಾಕಿ, ರಬ್ಬರ್ ಕೊಳವೆಯ ತುದಿಯ ಸೂಜಿಯನ್ನು ಮಗುವಿನ ತೊಡೆಯ ಚರ್ಮದಡಿಗೆ ಚುಚ್ಚಿದರು. ನಾನು ಮಡಿಯುಟ್ಟು ಹೊಸ್ತಿಲಾಚೆ ನಿಂತಿದ್ದೆ. ಏನದು ಎಂದು ಕೇಳಿದೆ.

"ಉಪ್ಪುನೀರು, ಅಜ್ಜಿ."

ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಉಪ್ಪಿನ ಗುಣ ಗೊತ್ತಿಲ್ಲದವಳಲ್ಲ.

"ಅಯ್ಯೋ, ತೆಗೀರಿ ಡಾಕ್ಟ್ರೇ! ಇರೋ ಚೂರು ನೀರನ್ನೂ ಎಳ್ಕೊಂಡ್ಬಿಡುತ್ತೆ. ಮಗು ಮಿಡಿ ಥರ ಮುರುಟಿ ಹೋಗುತ್ತೆ!"

"ಅತ್ತೆ, ಸುಮ್ನಿರಿ," ಎಂದಳು ಸರೋಜ.

ಡಾಕ್ಟರು ನಕ್ಕರು. "ಅಜ್ಜಿ ಹೇಳಿದ್ದು ಸರಿ. ಉಪ್ಪು ಜಾಸ್ತಿಯಾದ್ರೆ ಹಾಗೇ. ಬರೀ ನೀರು ಬಿಟ್ರೆ, ನೆನೆಹಾಕಿದ ಒಣದ್ರಾಕ್ಷಿ ಥರ ಉಬ್ಬುತ್ತೆ. ಇದು ರಕ್ತದಲ್ಲಿರೋಷ್ಟೇ ಉಪ್ಪು. ಮೈ ಅಂದ್ರೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಚೀಲಗಳು, ಅಜ್ಜಿ. ಚೀಲದ ಪೊರೆ ನೀರನ್ನ ಸಲೀಸಾಗಿ ಬಿಡುತ್ತೆ, ಉಪ್ಪನ್ನ ಬಾಗಿಲಲ್ಲೇ ನಿಲ್ಸುತ್ತೆ. ನಿಮ್ಮ ಮಡಿ ಇದ್ದ ಹಾಗೆ."

ತೊಡೆಯಲ್ಲಿ ಬದನೆಕಾಯಿಯಂಥ ಗಂಟು ಎದ್ದಿತು. ಅದು ಇಳಿದರೆ ನೀರು ಮೈಗೆ ಹತ್ತಿತೆಂದು ಲೆಕ್ಕ. ಸೂಜಿ ತೆಗೆದು, ಸಂಜೆ ಬರುತ್ತೇನೆಂದು ಡಾಕ್ಟರು ಸೈಕಲ್ ಹತ್ತಿದರು.

ಗಂಟು ಇಳಿಯಲಿಲ್ಲ. ನಿಂತಲ್ಲೇ ಯೋಚಿಸಿದೆ: ನನ್ನ ಅಡುಗೆಮನೆಗೆ ಹಾಲು ಬರಬಹುದು, ಹಾಲು ತಂದವನು ಬರಬಾರದು. ಪಟ್ಟೆಸೀರೆ ಬರಬಹುದು, ಮುಟ್ಟಿದ ನೂಲುಸೀರೆ ಬರಬಾರದು. ಇಷ್ಟು ವರ್ಷ ಯಾವುದು ಒಳಗೆ, ಯಾವುದು ಹೊರಗೆ ಎಂದು ಹೇಳುತ್ತ ಬಂದವಳು ನಾನು. ಈಗ ನಾನು ಕಂಡೇ ಇರದ ಯಾವುದೋ ಪೊರೆ ನನ್ನ ಕೂಸು ಉಳಿಯುವುದೋ ಇಲ್ಲವೋ ಎಂದು ತೀರ್ಮಾನಿಸುತ್ತಿದೆ. ಅದಕ್ಕೆ ಕೈಮುಗಿಯೋಣವೆಂದರೆ ಹೆಸರೂ ತಿಳಿಯದು. ಅಳುವುದಕ್ಕೂ ಮಗುವಿನಲ್ಲಿ ಶಕ್ತಿ ಉಳಿದಿರಲಿಲ್ಲ. ತೊಟ್ಟಿಲನ್ನು ಅಟ್ಟಕ್ಕೆ ಏರಿಸುವುದು ಯಾರು ಎಂಬ ಪಾಪಿ ಯೋಚನೆಯೂ ಬಂತು. ಆಗ ಹೊಸ್ತಿಲು ದಾಟಿದೆ. ಹೋಗುವ ಮಗುವನ್ನು ಒಮ್ಮೆ ಎತ್ತಿಕೊಳ್ಳದ ಮಡಿ ಯಾತಕ್ಕೆ?

ಗೋಡೆಯ ಬಿಸಿಲು ಜಾರುವವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸೀರೆಗೆ ಬಿಸಿ ತಾಗಿತು. ಏನೆಂದು ಹೊಳೆಯುವಷ್ಟರಲ್ಲಿ ನೆರಿಗೆಯೆಲ್ಲ ಒದ್ದೆ.

"ಅತ್ತೆ, ನಿಮ್ಮ ಮಡಿ!"

"ಹಾಳಾಗ್ಲಿ ಬಿಡೇ! ಇನ್ನೊಂದ್ಸಲ ಹುಯ್ಯೋ, ನನ್ನಪ್ಪ!"

ಆಗ ನೋಡಿದೆ, ಗಂಟು ಕರಗಿ ತೊಡೆ ಮೆತ್ತಗಾಗಿತ್ತು.

ಈ ವರ್ಷ ಅವನೇ ತಪ್ಪುಹೆಜ್ಜೆಯಲ್ಲಿ ಬಂದು ಜಾಡಿಗೆ ಕೈ ಹಾಕುತ್ತಾನೆ. ನಾನು ಈಗಲೂ ಮಡಿಯುಡುತ್ತೇನೆ, ಹಾಲಿನವನು ಈಗಲೂ ಹೊರಗೇ. ಆದರೆ ನನ್ನ ಮಡಿಯಲ್ಲಿ ಮೊಮ್ಮಗ ನುಸುಳುವಷ್ಟು ಅಗಲದ ತೂತೊಂದು ಬಿದ್ದಿದೆ. ಹೊಲಿಯೋಣವೆಂದು ಕೂತರೆ, ಕೈ ನಡುಗುತ್ತದಲ್ಲ.